ತೊಂದರೆ ಕಂಡುಬಂದಿಲ್ಲ

ಮಾರ್ಚ್ 4

ತಮ್ಮಾ,

ಫೋನ್ ಮಾಡದೆ ಅಕ್ಕ ಕಾಗದ ಯಾಕೆ ಬರೆದಳು ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ‘ಹೂಂ’ ಅನ್ನುತ್ತೀಯ, ‘ನೋಡೋಣ’ ಅನ್ನುತ್ತೀಯ, ವಾರ ಬಿಟ್ಟು ‘ನಾನೆಲ್ಲಿ ಹಾಗಂದೆ?’ ಅನ್ನುತ್ತೀಯ. ಕಾಗದದ ಮೇಲಿಂದ ಅಷ್ಟು ಸುಲಭವಾಗಿ ಜಾರಿಕೊಳ್ಳಲು ಆಗುವುದಿಲ್ಲ. ಹತ್ತೊಂಬತ್ತು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದವಳಿಗೆ ಇಷ್ಟಾದರೂ ಗೊತ್ತು: ತಪ್ಪನ್ನು ಬರೆದಿಡಬೇಕು. ನನ್ನ ತಪ್ಪಿನ ಪುಸ್ತಕ ನೀನೂ ನೋಡಿದ್ದೀಯ. ಕಲಿಯುವ ಒಬ್ಬೊಬ್ಬರಿಗೂ ಒಂದೊಂದು ಪುಟ. ಒಂದೇ ತಪ್ಪು ಮೂರು ಸಲ ಮಾಡಿದರೆ ಮೊದಲ ಪಾಠಕ್ಕೆ ವಾಪಸ್. ವಕೀಲರಾಗಲಿ ಡಾಕ್ಟರಾಗಲಿ, ಅಲ್ಲಿ ದಾಕ್ಷಿಣ್ಯವಿಲ್ಲ.

ಇವತ್ತು ಆ ಪುಸ್ತಕದಲ್ಲಿ ಕಾರಿಗೇ ಒಂದು ಪುಟ ತೆರೆದಿದ್ದೇನೆ.

ಕಳೆದ ವಾರ ಮಧ್ಯಾಹ್ನ, ಆಸ್ಪತ್ರೆ ಮುಂದಿನ ಸರ್ಕಲ್ಲಿನ ನಟ್ಟನಡುವೆ, ನಿನ್ನ ಕಂಪನಿಯ ಈ ಏಳು ತಿಂಗಳ ಕೂಸು ಪ್ರಾಣ ಬಿಟ್ಟಿತು. ಕೆಮ್ಮಲಿಲ್ಲ, ನಡುಗಲಿಲ್ಲ, ಒಂದು ಕೆಂಪು ದೀಪ ಹೊತ್ತಿಸುವ ಸೌಜನ್ಯವನ್ನೂ ತೋರಿಸಲಿಲ್ಲ. ಹಿಂದೆ ಆಂಬುಲೆನ್ಸ್, ಪಕ್ಕದಲ್ಲಿ ಬಸ್ಸು. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಾರಿನ ನೆತ್ತಿಯ ಮೇಲಿರುವ ನನ್ನ ‘ಡ್ರೈವಿಂಗ್ ಸ್ಕೂಲ್’ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿ, ‘ಮೇಡಂ, ಮೊದಲು ನೀವು ಸೇರ್ಕೊಳ್ಳಿ’ ಅಂದ. ಸ್ಟಿಯರಿಂಗ್ ಹಿಡಿದಿದ್ದು ಕಲಿಯುವವರಲ್ಲ, ತಮ್ಮಾ. ನಾನು. ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು.

ಇಲ್ಲಿನ ನಿಮ್ಮ ವರ್ಕ್‌ಶಾಪಿಗೆ ಒಯ್ದೆ. ಟೈ ಕಟ್ಟಿದ ಸಲಹೆಗಾರರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕನಿಕರದಿಂದ ಕೇಳಿದರು: ‘ಮೇಡಂ, ನೀವು ಡ್ರೈವಿಂಗ್ ಎಲ್ಲಿ ಕಲಿತಿರಿ?’ ಆಮೇಲೆ ‘ಕ್ಲಚ್ ಬಳಸುವ ಸರಿಯಾದ ವಿಧಾನ’ ಅನ್ನುವ ಮಡಚಿದ ಕಾಗದ ಕೈಗಿಟ್ಟರು. ಅದರಲ್ಲಿರುವ ಆರು ಸೂಚನೆಗಳನ್ನು ನಾನು ದಿನಕ್ಕೆ ನಾಲ್ಕು ಸಲ ಬಾಯಿಪಾಠ ಒಪ್ಪಿಸುತ್ತೇನೆ.

ಅಪ್ಪನ ಕಾರು ಇಪ್ಪತ್ತೆರಡು ವರ್ಷ ಓಡಿತು, ಅದೇ ಕಂಪನಿ, ಕಣ್ಣು ಮುಚ್ಚಿ ತಗೋ ಅಂದವನು ನೀನು. ತಗೊಂಡೆ. ಈಗ ಕಣ್ಣು ತೆರೆದಿದ್ದೇನೆ. ಅದೇ ಕಂಪನಿಯ ಅಲ್ಲಿನ ವರ್ಕ್‌ಶಾಪಿನಲ್ಲಿ ಫೋರ್‌ಮನ್ ನೀನು. ಏನು ಮಾಡುತ್ತೀಯ ಹೇಳು.

ಇಲ್ಲಿ ಉಳಿದವರೆಲ್ಲ ಚೆನ್ನಾಗಿದ್ದಾರೆ. ಅಂಚೆ ಕಚೇರಿಯಿಂದ ನಿವೃತ್ತರಾದ ಪೋಸ್ಟ್ ಮೇಡಂ ಮಾತ್ರ ಪಾಠಕ್ಕೆ ಬರುತ್ತಿಲ್ಲ. ಮೊಣಕಾಲು ನೋವಂತೆ.

ನಿನ್ನ ಅಕ್ಕ


ಮಾರ್ಚ್ 13

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದವಲ್ಲ, ಸಿಡಿಗುಂಡು ತಲುಪಿತು. ಕ್ಯಾಂಟೀನಿನಲ್ಲಿ ಒಡೆದು ಓದುವಾಗ ಕೈಯಲ್ಲಿದ್ದ ಟೀ ಪ್ಯಾಂಟಿನ ಮೇಲೆ ಬಿತ್ತು. ಆ ಪ್ಯಾಂಟಿಗೂ ಒಂದು ಪುಟ ತೆರೆ.

ಸಮಾಧಾನವಾಗಿ ಕೇಳು. ಇಪ್ಪತ್ತೇಳು ವರ್ಷದಿಂದ ಈ ಕಂಪನಿಯ ಎಂಜಿನ್‌ಗಳ ಎದೆ ಬಡಿತ ಕೇಳುತ್ತಾ ಬಂದಿದ್ದೇನೆ. ನಮ್ಮ ಗಾಡಿ ಸುಮ್ಮಸುಮ್ಮನೆ ನಿಲ್ಲುವ ಜಾತಿಯದಲ್ಲ. ನೀನು ಕಲಿಸುವಾಗ ಕೂರುವ ನಿನ್ನ ಕಡೆಯೂ ಒಂದು ಕ್ಲಚ್, ಒಂದು ಬ್ರೇಕ್ ಹಾಕಿಸಿದ್ದೀಯಲ್ಲ, ಕಂಪನಿ ಕಾರು ಮಾಡುವಾಗ ಅದನ್ನೆಲ್ಲ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಅದರ ಮೇಲೆ ಕಾಲಿಟ್ಟು ರೂಢಿಯಾಗಿ, ಸ್ಟಿಯರಿಂಗ್ ಹಿಡಿದಾಗಲೂ ನಿನ್ನ ಕಾಲು ಗೊತ್ತಿಲ್ಲದೆ ಕ್ಲಚ್ ಮೇಲೆ ಕೂತಿರಬಹುದು. ದೊಡ್ಡ ದೊಡ್ಡ ಸಂಗೀತಗಾರರೂ ಒಮ್ಮೊಮ್ಮೆ ಅಪಸ್ವರ ಹಾಡುತ್ತಾರೆ.

ಇನ್ನೊಂದು ಮಾತು. ದೂರು ಇದ್ದರೆ ಬರೆದು ಕೊಡು. ಬಾಯಲ್ಲಿ ಹೇಳಿದ್ದಕ್ಕೆ ವರ್ಕ್‌ಶಾಪಿನಲ್ಲಿ ಕಿವಿ ಇರುವುದಿಲ್ಲ. ಬರೆದುಕೊಟ್ಟು, ಸೀಲು ಹಾಕಿಸಿಕೊಂಡು ಪ್ರತಿ ಇಟ್ಟುಕೋ.

ಪೋಸ್ಟ್ ಮೇಡಂ ಅವರಿಗೆ ಕೇಳಿದೆ ಅಂತ ಹೇಳು.

ನಿನ್ನ ತಮ್ಮ


ಮಾರ್ಚ್ 21

ಸನ್ಮಾನ್ಯ ಫೋರ್‌ಮನ್ ಸಾಹೇಬರಿಗೆ,

ನನ್ನ ಕಾಲಿನ ಬಗ್ಗೆ ತಾವು ಅಷ್ಟು ದೂರದಿಂದಲೇ ಕೊಟ್ಟ ವರದಿಗೆ ಧನ್ಯವಾದ. ಈ ಕಾಲಿನ ಬ್ರೇಕ್ ಮೇಲೆ ಸಾವಿರದ ಮುನ್ನೂರು ಜನ ಜೀವಂತ ಮನೆಗೆ ಹೋಗಿದ್ದಾರೆ. ಸ್ವಂತ ಅಕ್ಕನ ಕಾಲಿಗಿಂತ ನಿನಗೆ ಕಂಪನಿಯ ಕೈ ದೊಡ್ಡದಾಯಿತಾ?

ನೀನು ಹೇಳಿದಂತೆ ಬರೆದುಕೊಟ್ಟೆ. ಕಾರನ್ನು ಮೂರು ದಿನ ಇಟ್ಟುಕೊಂಡರು. ವಾಪಸ್ ಕೊಡುವಾಗ ಹೊಳೆಯುತ್ತಿತ್ತು. ಚಕ್ರದ ಸಂದಿಯ ಮಣ್ಣು ಕೂಡ ತೆಗೆದಿದ್ದರು. ಕನ್ನಡಿಗೆ ನಿಂಬೆ ವಾಸನೆಯ ಪೊಟ್ಟಣ ನೇತು ಹಾಕಿದ್ದರು. ಜೊತೆಗೊಂದು ಹಳದಿ ಚೀಟಿ: ‘ತೊಂದರೆ ಕಂಡುಬಂದಿಲ್ಲ.’ ಮೂರ್ಛೆ ಹೋದವರನ್ನು ಆಸ್ಪತ್ರೆಗೆ ಸೇರಿಸಿದರೆ ಕ್ಷೌರ ಮಾಡಿಸಿ, ಸೆಂಟು ಹಚ್ಚಿ ಮನೆಗೆ ಕಳಿಸಿದ ಹಾಗೆ.

ಅಲ್ಲಿ ಕಾಯುವ ಕೋಣೆಯಲ್ಲಿ ಇನ್ನೂ ಒಂಬತ್ತು ಜನ ಕೂತಿದ್ದರು. ಒಂಬತ್ತು ಕೈಯಲ್ಲೂ ಹಳದಿ ಚೀಟಿ. ಹಲ್ಲಿನ ಡಾಕ್ಟರ ಕಾರು ಸೇತುವೆ ಮೇಲೆ ನಿಂತಿತ್ತಂತೆ. ಫೋಟೋಗ್ರಾಫರದ್ದು ಲಾರಿಯ ಎದುರು. ‘ಮತ್ತೆ ಕಂಪನಿಯವರನ್ನು ಬೈಯಬಾರದಾ?’ ಅಂದೆ. ಡಾಕ್ಟರು ಕೆನ್ನೆ ಹಿಡಿದುಕೊಂಡು, ‘ಇಲ್ಲ ಮೇಡಂ, ನಮ್ಮ ಮನೇಲಿ ಇದು ನಾಲ್ಕನೇ ಗಾಡಿ. ಬೇರೆ ಕಂಪನಿ ಬಾಗಿಲು ಮುಟ್ಟಿದೋರಲ್ಲ. ನಂದೇ ಏನೋ ತಪ್ಪಿರಬೇಕು’ ಅಂದರು. ಫೋಟೋಗ್ರಾಫರು, ‘ನಾನು ಸ್ವಲ್ಪ ಜೋರಾಗಿ ಬಾಗಿಲು ಹಾಕ್ತೀನಿ, ಅದಕ್ಕೇ ಬೇಜಾರಾಗಿರ್ಬೇಕು’ ಅಂದರು. ಕಾರಿಗೆ ಬೇಜಾರು! ಗಂಡ ಹೊಡೆದರೂ ‘ಮನಸ್ಸು ಒಳ್ಳೆಯದು’ ಅನ್ನುವ ಹೆಂಗಸರನ್ನು ನೋಡಿದ್ದೆ. ಆ ಪಂಥದ ಗಂಡಸರನ್ನು ಒಂದೇ ಕೋಣೆಯಲ್ಲಿ ಒಂಬತ್ತು ಜನ ನೋಡಿದ್ದು ಇದೇ ಮೊದಲು.

ನಿನ್ನೆ ಮತ್ತೆ ನಿಂತಿತು, ಮಾರ್ಕೆಟ್ ರಸ್ತೆಯಲ್ಲಿ. ಪುಟದಲ್ಲಿ ಎರಡನೇ ಸಾಲು.

ಅಕ್ಕ


ಏಪ್ರಿಲ್ 2

ಅಕ್ಕಾ,

ಇಲ್ಲಿ ಕೆಲಸ ಜಾಸ್ತಿ, ಉತ್ತರ ತಡವಾಯಿತು.

ಒಂದು ಸಲ ಬರೆದುಕೊಟ್ಟರೆ ಸಾಲದು. ಮತ್ತೆ ಬರೆದು ಕೊಡು. ಬೇಜಾರು ಮಾಡಿಕೊಳ್ಳದೆ ಮತ್ತೂ ಒಮ್ಮೆ ಬರೆದು ಕೊಡು.

ಮಧ್ಯಾಹ್ನದ ಬಿಸಿಲಿನಲ್ಲಿ ಪಾಠ ಇಟ್ಟುಕೊಳ್ಳಬೇಡ. ಹಾಗೇ, ಕೆಲವು ವಾರ ಆ ರೈಲ್ವೆ ಗೇಟಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಕಲಿಸು.

ಅಪ್ಪನ ಕಾರಿನ ಫೋಟೋದ ಧೂಳು ಒರೆಸುತ್ತಾ ಇರು.

ತಮ್ಮ


ಏಪ್ರಿಲ್ 11

ಇವತ್ತು ಸಂಬೋಧನೆ ಇಲ್ಲ. ನಿನ್ನನ್ನು ಏನಂತ ಕರೆಯಬೇಕೋ ತಿಳಿಯುತ್ತಿಲ್ಲ.

ನಿನ್ನ ಏಪ್ರಿಲ್ ಎರಡರ ಕಾಗದ ಬಂದಾಗ ನನಗೆ ಉರಿದುಹೋಗಿತ್ತು. ಮತ್ತೆ ಬರಿ, ಮತ್ತೂ ಬರಿ ಅಂತ ಹೇಳುವುದೆಂದರೆ ಸಾಗಹಾಕುವುದು ತಾನೆ? ಬರೆಯಲಿಲ್ಲ. ಗೇಟಿನ ಮಾತು ಓದಿ ನಕ್ಕೆ. ಲೈಸೆನ್ಸ್ ಪರೀಕ್ಷೆಯ ಮೈದಾನ ಗೇಟಿನ ಆಚೆಗಿದೆ. ಬೇರೆ ದಾರಿ ಬೇಕಿದ್ದರೆ ಹಾರಬೇಕು.

ಮೊನ್ನೆ ಟೈಲರ್ ಅಕ್ಕನಿಗೆ ಪಾಠ. ಗಂಟೆ ಹನ್ನೊಂದೂವರೆ. ಗೇಟು ತೆರೆದಿತ್ತು. ಎರಡು ಕಡೆ ನೋಡಿ, ಮೊದಲನೇ ಗೇರಿನಲ್ಲಿ, ನಾನು ಹೇಳಿಕೊಟ್ಟ ಹಾಗೆ ಒಂದಿಷ್ಟೂ ತಪ್ಪದೆ ಹೋದಳು. ಮುಂದಿನ ಚಕ್ರ ಎರಡನೇ ಹಳಿ ದಾಟಿತು. ಅಲ್ಲೇ ಕಾರು ನಿಂತಿತು. ಕೆಮ್ಮಲಿಲ್ಲ, ನಡುಗಲಿಲ್ಲ.

ಗೇಟಿನ ಗಂಟೆ ಹೊಡೆಯಲು ಶುರುವಾಯಿತು.

ಟೈಲರ್ ಅಕ್ಕ ಕೀ ತಿರುಗಿಸುತ್ತಲೇ ಇದ್ದಳು. ‘ಟೀಚರ್, ಕ್ಲಚ್ ಸರಿಯಾಗಿ ಬಿಟ್ಟೆ, ಆಣೆ ಮಾಡ್ತೀನಿ, ಸರಿಯಾಗೇ ಬಿಟ್ಟೆ’ ಅನ್ನುತ್ತಲೇ ಇದ್ದಳು. ರೈಲು ಬರುವ ಹಳಿಯ ಮೇಲೆ ಕೂತು ಆ ಹೆಂಗಸು ನನಗೆ ಹೆದರುತ್ತಿದ್ದಳು. ರೈಲಿಗಲ್ಲ. ರಟ್ಟೆ ಹಿಡಿದು ಎಳೆದೆ. ಗೇಟಿನವನು ಕೆಂಪು ಬಾವುಟ ಹಿಡಿದು ಓಡಿದ. ತರಕಾರಿ ಗಾಡಿಯವರು ಇಬ್ಬರು, ನಾನು, ಅವಳು, ನಾಲ್ವರೂ ಸೇರಿ ತಳ್ಳಿದೆವು. ರೈಲು ಹೋಗುವಾಗ ಅದರ ಗಾಳಿಗೆ ನಿಂಬೆ ಪೊಟ್ಟಣ ಅಲ್ಲಾಡುತ್ತಿತ್ತು.

ಮನೆಗೆ ಬಂದು ನಿನ್ನ ಕಾಗದ ತೆಗೆದು ಮತ್ತೆ ಓದಿದೆ. ‘ಆ ರೈಲ್ವೆ ಗೇಟಿನ ದಾರಿ ಬಿಟ್ಟು.’ ‘ಮಧ್ಯಾಹ್ನದ ಬಿಸಿಲಿನಲ್ಲಿ ಪಾಠ ಇಟ್ಟುಕೊಳ್ಳಬೇಡ.’ ನಮ್ಮ ಗಾಡಿ ನಿಲ್ಲುವ ಜಾತಿಯದಲ್ಲ ಅಂದವನಿಗೆ ಗೇಟಿನ ನೆನಪು ಯಾಕೆ ಬಂತು? ಬಿಸಿಲಿನ ಸುದ್ದಿ ಯಾರು ಹೇಳಿದರು? ನಿನಗೆ ಗೊತ್ತಿತ್ತು. ಏನೋ ಗೊತ್ತಿತ್ತು. ಫೋನಾಗಿದ್ದರೆ ನೀನು ‘ನಾನೆಲ್ಲಿ ಹಾಗಂದೆ’ ಅನ್ನುತ್ತಿದ್ದೆ. ಇದು ನಿನ್ನ ಕೈಬರಹ.

ನಾನೂ ಒಂದು ಮುಚ್ಚಿಟ್ಟಿದ್ದೆ, ಹೇಳಿಬಿಡುತ್ತೇನೆ. ಪೋಸ್ಟ್ ಮೇಡಂ ಅವರ ಮೊಣಕಾಲಿಗೆ ಏನೂ ಆಗಿಲ್ಲ. ಅರವತ್ತೊಂದನೇ ವಯಸ್ಸಿನಲ್ಲಿ, ಗಂಡ ಹೋದ ಮೇಲೆ, ಮಗಳ ಮನೆಗೆ ತಾನೇ ಕಾರು ಓಡಿಸಿಕೊಂಡು ಹೋಗಬೇಕು ಅಂತ ಬಂದವರು. ಅವರ ಕೈಯಲ್ಲಿ ಕಾರು ಹನ್ನೊಂದು ಸಲ ನಿಂತಿತು. ಹನ್ನೊಂದು ಸಲವೂ ಅವರ ಪುಟದಲ್ಲಿ ‘ಕ್ಲಚ್ ತಪ್ಪು’ ಅಂತ ಬರೆದೆ. ಮೂರು ಸಲ ಮೊದಲ ಪಾಠಕ್ಕೆ ಇಳಿಸಿದೆ. ಕೊನೆಯ ದಿನ, ‘ನಿಮ್ಮಿಂದ ಆಗಲ್ಲ ಬಿಡಿ, ಎಲ್ಲರಿಗೂ ಎಲ್ಲ ಬರಲ್ಲ’ ಅಂದುಬಿಟ್ಟೆ. ಅವರು ಕೀಯನ್ನು ನನ್ನ ಅಂಗೈಯಲ್ಲಿಟ್ಟು, ‘ಹೌದು ಟೀಚರ್’ ಅಂತ ನಡೆದುಕೊಂಡು ಹೋದರು. ಅಪ್ಪನ ಕಂಪನಿಯ ಕಾರು ತಪ್ಪು ಮಾಡೀತು ಅಂತ ನನಗೆ ಹೊಳೆಯಲೇ ಇಲ್ಲ. ಮನುಷ್ಯರೇ ಸುಲಭವಾಗಿ ಸಿಕ್ಕರು.

ಹಲ್ಲಿನ ಡಾಕ್ಟರನ್ನು ನೋಡಿ ನಗಾಡಿದ್ದೆ. ನನ್ನ ಮುಖಕ್ಕೆ ಉಗಿಯಬೇಕು.

ಅಪ್ಪನ ಕಾರಿನ ಫೋಟೋ ಗೋಡೆಯಿಂದ ಇಳಿಸಿದ್ದೇನೆ. ಮೊಳೆ ಮಾತ್ರ ಇದೆ. ಏನು ಗೊತ್ತಿತ್ತು ಅಂತ ಬರಿ. ಎಲ್ಲವನ್ನೂ.


ಏಪ್ರಿಲ್ 20

ಅಕ್ಕಾ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಮೋಟಾರಿಗೆ ಕರೆಂಟು ಕೊಡುವ ರಿಲೇ ಅಂತ ಒಂದಿದೆ. ಅರ್ಧ ಬೆಂಕಿಪೊಟ್ಟಣದಷ್ಟು ಗಾತ್ರ. ಕಳೆದ ವರ್ಷದ ಗಾಡಿಗಳಲ್ಲಿ ಹಾಕಿದ್ದು ಕೆಟ್ಟ ಮಾಲು. ಬಿಸಿಯಾದರೆ ಕೈ ಬಿಡುತ್ತದೆ, ತಣ್ಣಗಾದರೆ ಮತ್ತೆ ಹಿಡಿಯುತ್ತದೆ. ಅದಕ್ಕೇ ವರ್ಕ್‌ಶಾಪಿನ ನೆರಳಿನಲ್ಲಿ ಏನೂ ಕಾಣುವುದಿಲ್ಲ. ಬದಲಿಸಲು ಹತ್ತು ನಿಮಿಷ ಸಾಕು.

ಜನವರಿಯಲ್ಲಿ ಎಲ್ಲ ವರ್ಕ್‌ಶಾಪಿಗೂ ಸುತ್ತೋಲೆ ಬಂತು. ಹೊರಗೆ ತೋರಿಸುವುದಿಲ್ಲ ಅಂತ ಫೋರ್‌ಮನ್‌ಗಳೆಲ್ಲ ಸಹಿ ಹಾಕಿದ್ದೇವೆ. ಒಂದು ಪ್ರತಿ ಇದರ ಜೊತೆ ಇದೆ. ಎರಡನೇ ಪ್ಯಾರಾ ನೋಡು: ‘ಗ್ರಾಹಕರು ಮೂರು ಬಾರಿ ಲಿಖಿತವಾಗಿ ದೂರು ನೀಡಿದಲ್ಲಿ ಮಾತ್ರ ರಿಲೇ ಬದಲಿಸುವುದು. ಅಲ್ಲಿಯವರೆಗೆ ಗ್ರಾಹಕರಿಗೆ ಸರಿಯಾದ ಚಾಲನಾ ಕ್ರಮವನ್ನು ವಿವರಿಸುವುದು.’

ಬರೆದು ಕೊಡು, ಮತ್ತೆ ಬರೆದು ಕೊಡು, ಮತ್ತೂ ಒಮ್ಮೆ ಅಂತ ನಾನು ಗೋಳಾಡಿದ್ದು ಅದಕ್ಕೆ. ಸಹಿಯನ್ನೂ ಉಳಿಸಿಕೊಂಡು ನಿನ್ನನ್ನೂ ಉಳಿಸಬಹುದು ಅಂದುಕೊಂಡೆ. ಅಕ್ಕ ಕೋಪಿಷ್ಠೆ, ಕೆಣಕಿದರೆ ಒಂದೇ ವಾರದಲ್ಲಿ ಮೂರು ದೂರು ಬರೆಯುತ್ತಾಳೆ ಅಂತಲೇ ನಿನ್ನ ಕಾಲಿನದೇ ತಪ್ಪು ಅಂತ ಬರೆದೆ. ನೀನು ಆ ಬೈಗುಳವನ್ನೆಲ್ಲ ನನಗೆ ಬರೆದೆ.

ಇದು ಜಾಣತನ ಅಂದುಕೊಂಡಿದ್ದೆ. ಒಂದು ಸಾಲು ನೇರವಾಗಿ ಬರೆದಿದ್ದರೆ ನೀವಿಬ್ಬರು ಹಳಿಯ ಮೇಲೆ ಇರುತ್ತಿರಲಿಲ್ಲ.

ಫೋಟೋ ಇಳಿಸಿದ್ದು ಓದಿ ಇನ್ನೊಂದೂ ಹೇಳಲೇಬೇಕಾಗಿದೆ. ಅಪ್ಪನ ಕಾರಿನ ಎಂಜಿನ್ ಒಂಬತ್ತನೇ ವರ್ಷಕ್ಕೇ ಸತ್ತಿತ್ತು. ಅಪ್ಪ ಎದುರಾಳಿ ಕಂಪನಿಯ ಎಂಜಿನ್ ತರಿಸಿ ಅದರೊಳಗೆ ಕೂರಿಸಿದರು. ಟಾರ್ಚ್ ಹಿಡಿದವನು ನಾನು, ಆಗ ಹದಿನಾರು. ‘ಊರಿಗೆಲ್ಲ ಈ ಕಂಪನಿಯನ್ನೇ ಹೊಗಳಿದ್ದೀನಿ, ಈಗ ಮಾನ ಹೋಗುತ್ತೆ, ಅಕ್ಕನಿಗೂ ಹೇಳಬೇಡ’ ಅಂದರು. ಉಳಿದ ಹದಿಮೂರು ವರ್ಷ ಓಡಿದ್ದು ಎದುರಾಳಿಗಳ ಎಂಜಿನ್. ನಮ್ಮ ಕಂಪನಿಯದು ಬರೀ ಮುಂದಿನ ಬಿಲ್ಲೆ.

ಸುತ್ತೋಲೆ ಓದಿ ಹರಿದು ಹಾಕು. ನನ್ನ ನೌಕರಿ ಅದರ ಮೇಲೆ ನಿಂತಿದೆ.

ತಮ್ಮ


ಏಪ್ರಿಲ್ 29

ತಮ್ಮಾ,

ಹರಿದು ಹಾಕು ಅಂದೆ. ಹಾಕಲಿಲ್ಲ.

ಅಪ್ಪನ ಎಂಜಿನ್ನಿನ ಸಂಗತಿ ಓದಿ ಅಡುಗೆಮನೆಯಲ್ಲಿ ನಿಂತು ಅರ್ಧ ಗಂಟೆ ನಕ್ಕೆ. ಆಮೇಲೆ ಒಂದು ತಟ್ಟೆ ಒಡೆದೆ. ಒಡೆದು ಹೋಗಲಿಲ್ಲ, ನಾನೇ ಒಡೆದೆ. ಮೂವತ್ತು ವರ್ಷ ನಾವು ಕೈ ಮುಗಿದದ್ದು ಬಿಲ್ಲೆಗೆ! ಅಪ್ಪನಿಗೆ ಮಾನ, ನಿನಗೆ ಸಹಿ, ನನಗೆ ಹಠ. ನಮ್ಮ ಮನೆಯಲ್ಲಿ ಕಾರೊಂದನ್ನು ಬಿಟ್ಟು ಎಲ್ಲರೂ ಸುಳ್ಳು ಹೇಳಿದ್ದೇವೆ. ಪಾಪ, ಅದು ಮಾತ್ರ ತನಗೆ ಆಗಲ್ಲ ಅಂತ ನಡುರಸ್ತೆಯಲ್ಲೇ ಒಪ್ಪಿಕೊಂಡಿತು.

ಮೊದಲು ಪೋಸ್ಟ್ ಮೇಡಂ ಮನೆಗೆ ಹೋದೆ. ತಪ್ಪಿನ ಪುಸ್ತಕ ತೆಗೆದುಕೊಂಡು ಹೋಗಿದ್ದೆ. ಅವರ ಎದುರಿಗೆ ಹನ್ನೊಂದು ಸಾಲಿಗೂ ಕೆಂಪು ಗೆರೆ ಎಳೆದೆ. ಒಂದೊಂದು ಗೆರೆಯ ಪಕ್ಕ ನನ್ನ ಸಹಿ. ಅವರು ಕನ್ನಡಕ ಏರಿಸಿ ನೋಡಿ, ‘ತಾರೀಖು ಹಾಕಿಲ್ಲವಲ್ಲ ಟೀಚರ್’ ಅಂದರು. ಹಾಕಿದೆ. ಆಮೇಲೆ ಸೆರಗಿನಿಂದ ಮುಖ ಒತ್ತಿಕೊಂಡು ಒಳಗೆ ಹೋಗಿ ಸುಮಾರು ಹೊತ್ತು ಬರಲಿಲ್ಲ. ಹಿಂದಿರುಗಿದಾಗ ಕಾಫಿ ತಂದಿದ್ದರು, ಜೊತೆಗೆ ಕೋಪವನ್ನೂ. ‘ಮಗಳಿಗೆ ನಾನು ದಡ್ಡಿ ಅಂತ ಫೋನ್ ಮಾಡಿ ಹೇಳಿಬಿಟ್ಟಿದ್ದೆ, ಗೊತ್ತಾ?’ ಅಂದರು. ಸುತ್ತೋಲೆ ತೋರಿಸಿದೆ. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿದ್ದವರು. ಎರಡನೇ ಪ್ಯಾರಾವನ್ನು ಮೂರು ಸಲ ಓದಿ ಕೇಳಿದರು: ‘ಮೂರು ಬಾರಿ ಅಂತಿದೆ. ಮಧ್ಯೆ ಎಷ್ಟು ದಿನ ಬಿಡಬೇಕು ಅಂತ ಇಲ್ಲವಲ್ಲ?’

ಶನಿವಾರ ಇಬ್ಬರೂ ವರ್ಕ್‌ಶಾಪಿಗೆ ಹೋದೆವು. ಕಾಯುವ ಕೋಣೆಯಲ್ಲಿ ನನ್ನನ್ನೂ ಸೇರಿಸಿ ಹಳದಿ ಚೀಟಿಯವರು ಹನ್ನೆರಡು ಜನ. ಸುತ್ತೋಲೆಯನ್ನು ನಾನು ಪಾಠದ ದನಿಯಲ್ಲಿ ಓದಿದೆ. ಹಲ್ಲಿನ ಡಾಕ್ಟರು ‘ನಾಲ್ಕು ಗಾಡಿ’ ಅಂದರು. ಇನ್ನೊಮ್ಮೆ, ‘ನಾಲ್ಕು ಗಾಡಿ ತಗೊಂಡೆನಲ್ರೀ!’ ಅಂತ ಎದ್ದು, ತಮಗೂ ಕೊಟ್ಟಿದ್ದ ನಿಂಬೆ ಪೊಟ್ಟಣವನ್ನು ಸಲಹೆಗಾರರ ಮೇಜಿನ ಮೇಲೆ ಕುಕ್ಕಿದರು. ಎಷ್ಟು ಹಲ್ಲು ಕಿತ್ತ ಕೈಯೋ, ಮೇಜು ಅಲ್ಲಾಡಿತು.

ಪೋಸ್ಟ್ ಮೇಡಂ ಕಾಗದದ ಕಟ್ಟು ತೆಗೆದರು. ‘ಕೂಗಾಡಬೇಡಿ, ಕೂಗು ಫೈಲಿಗೆ ಹೋಗಲ್ಲ. ಒಬ್ಬೊಬ್ಬರು ಮೂರು ಮೂರು ಬರೀರಿ. ತಾರೀಖು ಮೇಲೆ, ಸಹಿ ಕೆಳಗೆ.’ ಹನ್ನೆರಡು ಜನ, ಮೂವತ್ತಾರು ದೂರು, ಒಂದೇ ಬೆಳಿಗ್ಗೆ. ಟೈನವರು ಸೀಲು ಒತ್ತಿ ಒತ್ತಿ ಟೈ ಸಡಿಲ ಮಾಡಿಕೊಂಡರು. ‘ಮೇಡಂ, ಇದು ನಿಮಗೆ ಎಲ್ಲಿ ಸಿಕ್ತು?’ ಅಂತ ಕೇಳಿದರು. ‘ನೀವು ಡ್ರೈವಿಂಗ್ ಎಲ್ಲಿ ಕಲಿತಿರಿ?’ ಅಂದೆ.

ಸಂಜೆಯೊಳಗೆ ಹನ್ನೆರಡು ರಿಲೇ ಬದಲಾದವು. ಹತ್ತು ಹತ್ತು ನಿಮಿಷ. ನಿನ್ನ ಹೆಸರು ನಾನು ಬಾಯಿ ಬಿಟ್ಟು ಹೇಳಿಲ್ಲ.

ಅಷ್ಟಕ್ಕೇ ನಿನ್ನನ್ನು ಬಿಟ್ಟೆ ಅಂದುಕೊಳ್ಳಬೇಡ. ಇಲ್ಲಿ ಹನ್ನೆರಡು. ನಿನ್ನ ವರ್ಕ್‌ಶಾಪಿನ ಕಾಯುವ ಕೋಣೆಯಲ್ಲಿ ಎಷ್ಟು ಜನ ಹಳದಿ ಚೀಟಿ ಹಿಡಿದು ತಮ್ಮ ಕಾಲನ್ನೇ ಬೈದುಕೊಳ್ಳುತ್ತಿದ್ದಾರೆ? ಅವರ ಊರಿನಲ್ಲಿ ರೈಲ್ವೆ ಗೇಟು ಇಲ್ಲವಾ? ಅವರಿಗೆಲ್ಲ ಸುತ್ತಿ ಬಳಸಿ ಕಾಗದ ಬರೆಯುವ ತಮ್ಮ ಇರುವುದಿಲ್ಲ.

ಪುಸ್ತಕದಲ್ಲಿ ನಿನಗೊಂದು ಪುಟ ತೆರೆದಿದ್ದೇನೆ. ‘ಗೊತ್ತಿದ್ದೂ ಹೇಳಲಿಲ್ಲ’: ಅಪ್ಪನ ಕಾರು, ಒಂದು. ನನ್ನ ಕಾರು, ಎರಡು. ಮೂರನೇ ಸಾಲು ನೀನೇ ತುಂಬು, ಇಲ್ಲ ಖಾಲಿ ಬಿಡು. ನನ್ನ ಕಟ್ಟಳೆ ನಿನಗೆ ಗೊತ್ತು.

ಅಕ್ಕ


ಮೇ 9

ಅಕ್ಕಾ,

ಸೋಮವಾರ ಬೆಳಿಗ್ಗೆ ಕಾಯುವ ಕೋಣೆಯ ಗೋಡೆಗೆ ಸುತ್ತೋಲೆ ಅಂಟಿಸಿದೆ. ನೀರಿನ ಫಿಲ್ಟರ್ ಪಕ್ಕ, ಎಲ್ಲರೂ ನಿಲ್ಲುವ ಜಾಗ. ಕೆಳಗೆ ‘ಕಾಗದ, ಪೆನ್ನು ಫೋರ್‌ಮನ್ ಹತ್ತಿರ ಸಿಗುತ್ತದೆ’ ಅಂತ ಬರೆದು ಸಹಿ ಹಾಕಿದೆ. ಮಧ್ಯಾಹ್ನದೊಳಗೆ ಪೆನ್ನಿನ ಶಾಯಿ ಮುಗಿಯಿತು.

ಮಂಗಳವಾರ ಮ್ಯಾನೇಜರ್ ಕರೆದು, ‘ಇದನ್ನು ಅಂಟಿಸಿದ್ದು ನೀವೇ ಅಂತ ಬರೆದು ಕೊಡಿ’ ಅಂದರು. ‘ಎಷ್ಟು ಪ್ರತಿ ಬೇಕು, ಮೂರಾ?’ ಅಂತ ಕೇಳಿದೆ. ಅವರಿಗೆ ನಗು ಬರಲಿಲ್ಲ.

ಈಗ ಮನೆಯಲ್ಲಿದ್ದೇನೆ. ವಿಚಾರಣೆ ಮುಗಿಯುವವರೆಗೆ ಬರಬೇಡ ಅಂದಿದ್ದಾರೆ. ಇಪ್ಪತ್ತೇಳು ವರ್ಷ ಅಂಗಿಯ ಮೇಲಿದ್ದ ಬಿಲ್ಲೆ ಬಿಚ್ಚಿಸಿಕೊಂಡರು. ಅಲ್ಲಿ ಬಟ್ಟೆಯ ಬಣ್ಣ ಹೊಸದಾಗಿಯೇ ಉಳಿದಿದೆ, ವಿಚಿತ್ರವಾಗಿ ಕಾಣುತ್ತದೆ. ಹೆದರಿಕೆ ಇದೆ ಅಕ್ಕಾ, ಸುಳ್ಳು ಹೇಳುವುದಿಲ್ಲ.

ಮೂರನೇ ಸಾಲು ಖಾಲಿ ಬಿಡು.

ತಮ್ಮ


ಮೇ 15

ತಮ್ಮಾ,

ಬಿಟ್ಟಿದ್ದೇನೆ.

ಕೋಪ ಇಳಿದಿಲ್ಲ. ಕಂಪನಿಯ ಮೇಲೆ ಮೊದಲಿನಷ್ಟೇ, ಅಪ್ಪನ ಮೇಲೆ ಸ್ವಲ್ಪ, ನಿನ್ನ ಮೇಲೆ ಬೇಕಾದಷ್ಟು ಇದೆ. ವಿಚಾರಣೆ ಯಾವತ್ತು ಅಂತ ತಿಳಿಸು, ಆ ದಿನ ಬರುತ್ತೇನೆ. ಉಳಿದ ಹನ್ನೊಂದು ಜನರೂ ಬರುತ್ತಾರಂತೆ, ಸೀಲು ಬಿದ್ದ ಪ್ರತಿಗಳ ಸಮೇತ. ಡಾಕ್ಟರು ರಜಾ ಬೋರ್ಡು ಬರೆಸಿಟ್ಟಿದ್ದಾರೆ.

ನಿನ್ನೆ ಹನ್ನೊಂದೂವರೆಗೆ, ಉರಿಬಿಸಿಲಿನಲ್ಲಿ, ಕಾರು ಗೇಟು ದಾಟಿತು. ಓಡಿಸಿದ್ದು ಪೋಸ್ಟ್ ಮೇಡಂ. ಹಳಿ ಏರುವ ಮುಂಚೆ ನನ್ನ ಕಡೆ ತಿರುಗಿ, ‘ಟೀಚರ್, ಕಾಲು ಆ ಪೆಡಲ್ ಮೇಲಿಂದ ತೆಗೀರಿ’ ಅಂದರು. ತೆಗೆದೆ.

ಅಪ್ಪನ ಕಾರಿನ ಫೋಟೋ ಮತ್ತೆ ಗೋಡೆಗೆ ಹಾಕಿದ್ದೇನೆ. ಅದರಲ್ಲಿ ಕಾಣುವ ಬಿಲ್ಲೆಯ ಮೇಲೆ ಮಾತ್ರ ಒಂದು ಹಳದಿ ಚೀಟಿ ಅಂಟಿಸಿದ್ದೇನೆ.

ಭಾನುವಾರ ಫೋನ್ ಮಾಡು. ಇನ್ನೂ ಬಹಳ ಬೈಯುವುದಿದೆ, ಬರೆದು ಬರೆದು ಬೆರಳು ನೋಯುತ್ತಿದೆ.

ಅಕ್ಕ